‘ಒಬ್ಬ ವ್ಯಕ್ತಿ, ಒಂದು ಭಾಷೆ’: ಒಂದು ಸೂತ್ರದ ಚರಿತ್ರೆ ಮತ್ತು ಗಾರೊ ಬೆಟ್ಟಗಳ ಮಗು

ಪರದೇಶದಲ್ಲಿ ನೆಲೆಸಿದ ಕುಟುಂಬಗಳು ಮಕ್ಕಳ ಭಾಷೆಯ ಬಗ್ಗೆ ಸಲಹೆ ಕೇಳಿದಾಗ ಅವರಿಗೆ ದೊರೆಯುವ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ: ತಂದೆ ಒಂದು ಭಾಷೆಯಲ್ಲಿ ಮಾತನಾಡಲಿ, ತಾಯಿ ಇನ್ನೊಂದರಲ್ಲಿ, ಪಾತ್ರಗಳು ಅದಲುಬದಲಾಗದಿರಲಿ. ಪಾಲಕರ ಕೈಪಿಡಿಗಳಲ್ಲಿ, ಮಾತು-ಶ್ರವಣ ಚಿಕಿತ್ಸಕರ ಕೊಠಡಿಗಳಲ್ಲಿ, ಬಹುಭಾಷಿಕತೆಯ ಪಠ್ಯಪುಸ್ತಕಗಳ ಮೊದಲ ಅಧ್ಯಾಯಗಳಲ್ಲಿ ಈ ಸೂತ್ರ ಸ್ವಯಂಸಿದ್ಧವೆಂಬಂತೆ ಕಾಣಿಸಿಕೊಳ್ಳುತ್ತದೆ. ಆದರೆ ಅದು ಪ್ರಯೋಗಗಳಿಂದ ಹೊಮ್ಮಿದ ತೀರ್ಮಾನವಲ್ಲ. ಅದರ ಮೂಲ ಒಬ್ಬ ಧ್ವನಿವಿಜ್ಞಾನಿ ತನ್ನ ಸಹೋದ್ಯೋಗಿಗೆ ನೀಡಿದ ಖಾಸಗಿ ಸಲಹೆಯಲ್ಲಿದೆ. ಅದರ ಮೊದಲ ಪುರಾವೆ ಒಂದೇ ಮಗು. ಆ ಸಲಹೆ ಶಾಸ್ತ್ರವಾಗಿ ಬೆಳೆದ ಬಗೆಯನ್ನು ಈ ಲೇಖನದಲ್ಲಿ ಗುರುತಿಸಲು ಯತ್ನಿಸುತ್ತೇವೆ. ಜೊತೆಗೆ, ಆ ಬೆಳವಣಿಗೆಯ ಹಾದಿಯಲ್ಲಿಯೇ ಇದ್ದೂ ಬೇರೆ ಉದ್ದೇಶಕ್ಕಾಗಿ ಮಾತ್ರ ಓದಲ್ಪಟ್ಟ ಒಂದು ದಾಖಲೆಯನ್ನು, ಅಂದರೆ 1954ರಿಂದ 1956ರವರೆಗೆ ಗಾರೊ ಬೆಟ್ಟಗಳಲ್ಲಿ ಬೆಳೆದ ಅಮೆರಿಕನ್ ಮಗುವಿನ ದಾಖಲೆಯನ್ನು, ಮತ್ತೆ ಓದಲು ಬಯಸುತ್ತೇವೆ.

ಈ ಓದಿಗೆ ಒಂದು ತುರ್ತೂ ಇದೆ. ತಂದೆ ತಾಯಿ ಇಬ್ಬರೂ ಕನ್ನಡಿಗರಾಗಿರುವ ವಲಸೆ ಕುಟುಂಬಗಳಲ್ಲಿ, ಸೂತ್ರವನ್ನು ನಿಷ್ಠೆಯಿಂದ ಪಾಲಿಸುವ ಸಲುವಾಗಿ, ದಂಪತಿಗಳಲ್ಲಿ ಒಬ್ಬರು ಮಗುವಿನೊಡನೆ ಇಂಗ್ಲಿಷಿಗೆ ಸರಿದುಕೊಳ್ಳುವುದನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಫ್ರೆಂಚ್-ಜರ್ಮನ್ ದಂಪತಿಗಾಗಿ ಹುಟ್ಟಿದ ಸೂತ್ರ ಇಲ್ಲಿ ಕನ್ನಡದ ಪಾಲನ್ನು ಅರ್ಧಕ್ಕಿಳಿಸುವ ಸಾಧನವಾಗಿದೆ.

1

ಜೂಲ್ ರೋಂಜಾ (1864–1925) ಒಕ್ಸಿತಾನ್ ಉಪಭಾಷೆಗಳ ವಿದ್ವಾಂಸರು. ಆಧುನಿಕ ಪ್ರೊವೆನ್ಸಾಲ್ ಆಡುನುಡಿಗಳನ್ನು ಕುರಿತ ಅವರ ಚಾರಿತ್ರಿಕ ವ್ಯಾಕರಣ ಮರಣಾನಂತರ ಪ್ರಕಟವಾಗಿ ಇಂದಿಗೂ ಆಕರಗ್ರಂಥವಾಗಿ ಉಳಿದಿದೆ. ಅವರ ಪತ್ನಿ ಜರ್ಮನಿಯವರು. 1908ರಲ್ಲಿ ಮಗ ಲೂಯಿ ಹುಟ್ಟಿದಾಗ ರೋಂಜಾ ತಮ್ಮ ಸ್ನೇಹಿತರಾದ ಮೋರಿಸ್ ಗ್ರಾಮೋಂ ಅವರ ಅಭಿಪ್ರಾಯ ಕೇಳಿದರು. ಮೋಂಪೆಲಿಯೆಯಲ್ಲಿ ಪ್ರಾಧ್ಯಾಪಕರಾಗಿದ್ದ ಗ್ರಾಮೋಂ 1902ರಲ್ಲಿಯೇ ಮಕ್ಕಳ ಮಾತನ್ನು ಕುರಿತು ಪ್ರಬಂಧ ಬರೆದವರು. ಅವರ ಉತ್ತರದ ತಿರುಳು ಇಷ್ಟು: ಮಗುವಿಗೆ ಏನನ್ನೂ ಕಲಿಸಬೇಕಾಗಿಲ್ಲ, ಮಾತನಾಡಬೇಕಾದಾಗ ಮಾತನಾಡಿದರೆ ಸಾಕು, ಆದರೆ ಪ್ರತಿಯೊಂದು ಭಾಷೆಯೂ ಬೇರೆ ಬೇರೆ ವ್ಯಕ್ತಿಯಲ್ಲಿ ಮೂರ್ತಗೊಂಡಿರಬೇಕು. ರೋಂಜಾ ತಮ್ಮ ದಿನಚರಿಯನ್ನು ಆಧರಿಸಿ 1913ರಲ್ಲಿ ದ್ವಿಭಾಷಿಕ ಮಗುವಿನ ಭಾಷಾಬೆಳವಣಿಗೆಯನ್ನು ಕುರಿತ ಪುಸ್ತಕ ಪ್ರಕಟಿಸಿದಾಗ ಈ ಸಲಹೆ ತತ್ತ್ವದ ಸ್ಥಾನ ಪಡೆಯಿತು.

ಪುಸ್ತಕದ ಫಲಿತಾಂಶ ಆಶಾದಾಯಕವಾಗಿತ್ತು. ಮಗು ಎರಡೂ ಭಾಷೆಗಳ ಧ್ವನಿವ್ಯವಸ್ಥೆಯನ್ನು ಸಮಾನಾಂತರವಾಗಿ ಗಳಿಸಿಕೊಂಡಿತು. ಎರಡರ ಉಚ್ಚಾರಣೆಯೂ ಆಯಾ ಭಾಷೆಯ ಮಕ್ಕಳಂತೆಯೇ ಇತ್ತು. ಯಾರೊಡನೆ ಯಾವ ಭಾಷೆ ಎಂಬ ವಿವೇಚನೆ ಬಲುಬೇಗ ಮೂಡಿತು. ಬೆಳವಣಿಗೆಯಲ್ಲಿ ವಿಳಂಬವೇನೂ ಕಾಣಲಿಲ್ಲ. ಈ ಫಲಿತಾಂಶವನ್ನು ಸಾಧ್ಯವಾಗಿಸಿದ ಸನ್ನಿವೇಶವನ್ನು ಮಾತ್ರ ನಂತರದ ಉಲ್ಲೇಖಗಳು ಬಿಟ್ಟುಬಿಟ್ಟವು. ಗಂಡ ಹೆಂಡತಿಯ ನಡುವಿನ ಭಾಷೆ ಜರ್ಮನ್ ಆಗಿತ್ತು. ಮನೆಯಲ್ಲಿ ಜರ್ಮನ್ ಮಾತನಾಡುವ ದಾದಿಯರಿದ್ದರು. ಅಂದರೆ ಫ್ರಾನ್ಸಿನ ನೆಲದಲ್ಲಿ ಅಲ್ಪಸಂಖ್ಯಾತವಾಗಿದ್ದ ಭಾಷೆಗೆ ಮನೆಯೊಳಗೆ ಬಹುಮತವಿತ್ತು. ಎರಡು ಭಾಷೆಗಳೂ ಪ್ರತಿಷ್ಠಿತ ರಾಜ್ಯಭಾಷೆಗಳು, ಎರಡಕ್ಕೂ ಶಾಲೆ, ಪುಸ್ತಕ, ಸಾಹಿತ್ಯಗಳ ಬೆಂಬಲವಿತ್ತು. ತಂದೆ ತಮ್ಮ ಜೀವಿತವನ್ನೇ ಮುಡಿಪಾಗಿಟ್ಟ ಒಕ್ಸಿತಾನ್ ಈ ದ್ವಿಭಾಷಿಕತೆಯ ಲೆಕ್ಕದಲ್ಲಿ ಬರುವುದಿಲ್ಲ ಎಂಬುದು ಓದುಗರು ಗಮನಿಸಬೇಕಾದ ವಿಷಯ. ಕುಸಿಯುತ್ತಿರುವ ಭಾಷೆಯ ವ್ಯಾಕರಣ ಬರೆದ ವಿದ್ವಾಂಸರೇ ಮಗುವಿಗೆ ಯಾವ ಭಾಷೆಗಳನ್ನು ಕೊಟ್ಟರು ಎಂಬುದರಲ್ಲಿ ಆ ಕಾಲದ ಭಾಷಾಶ್ರೇಣಿಯ ಚಿತ್ರವಿದೆ.

ಪುಸ್ತಕ ಹೊರಬಂದ ಮರುವರ್ಷವೇ ಮಗುವಿನ ಎರಡು ಭಾಷೆಗಳು ಎರಡು ಶತ್ರುರಾಷ್ಟ್ರಗಳ ಭಾಷೆಗಳಾದವು. ಯುದ್ಧಕಾಲದಲ್ಲಿ ಕುಟುಂಬ ಜಿನೀವಾದಲ್ಲಿ ನೆಲೆಸಿತು. ಅಲ್ಲಿಯೇ ಬಾಯಿ ಮತ್ತು ಸೆಶೆಹಾಯೆ ಸಂಪಾದಿಸುತ್ತಿದ್ದ ಸೊಸ್ಯೂರರ ಉಪನ್ಯಾಸಗಳ ಹಸ್ತಪ್ರತಿಯನ್ನು ಮುದ್ರಣಕ್ಕೆ ಮುನ್ನ ರೋಂಜಾ ಓದಿ ಪರಿಶೀಲಿಸಿದರು. ಸಂಪಾದಕರು ಮುನ್ನುಡಿಯಲ್ಲಿ ಅವರನ್ನು ನೆನೆದಿದ್ದಾರೆ. ಭಾಷೆಯನ್ನು ಸ್ವಯಂಪೂರ್ಣ ವ್ಯವಸ್ಥೆಯೆಂದು ಕಾಣುವ ಆ ಗ್ರಂಥಕ್ಕೂ, ಪ್ರತಿ ಭಾಷೆಗೂ ಒಂದೊಂದು ಮುಖವಿರಬೇಕೆಂಬ ಈ ಸೂತ್ರಕ್ಕೂ ನೇರ ಸಂಬಂಧ ಕಲ್ಪಿಸುವುದು ಅತಿರೇಕವಾದೀತು. ಆದರೂ ಎರಡೂ ಒಂದೇ ಬೌದ್ಧಿಕ ಹವೆಯಲ್ಲಿ ಉಸಿರಾಡಿದವು ಎನ್ನಲು ಅಡ್ಡಿಯಿಲ್ಲ.

1920ರಲ್ಲಿ ಪ್ಯಾರಿಸಿನಲ್ಲಿಯೇ ಮಿಲಿವೊಯೆ ಪಾವ್ಲೊವಿಚ್ ಅವರ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಸೂತ್ರವೇ ಇರಲಿಲ್ಲ. ಮನೆಯ ತುಂಬ ಸರ್ಬಿಯನ್, ಹೊರಗೆ ಫ್ರೆಂಚ್. ವಲಸೆ ಕುಟುಂಬಗಳ ಬಹುಪಾಲು ಮಕ್ಕಳ ಸ್ಥಿತಿಗೆ ಇದೇ ಹತ್ತಿರದ ಮಾದರಿ. ಆದರೆ ಪರಂಪರೆಯ ಕಣ್ಣಿನಲ್ಲಿ ಉಳಿದದ್ದು ರೋಂಜಾ ಅವರ ಮನೆ. ಸೂತ್ರವನ್ನು ಉಲ್ಲೇಖಿಸುವುದು ಸುಲಭ, ಸನ್ನಿವೇಶವನ್ನು ಉಲ್ಲೇಖಿಸುವುದು ಕಷ್ಟ.

2

ಈ ಎರಡು ಪುಸ್ತಕಗಳ ನಂತರದ ಎರಡು ದಶಕಗಳು ದ್ವಿಭಾಷಿಕ ಮಗುವಿನ ಪಾಲಿಗೆ ಸಂಶಯದ ಕಾಲ. 1922ರಲ್ಲಿ ಓಟೊ ಯೆಸ್ಪರ್ಸನ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಎರಡು ಭಾಷೆಗಳ ಪ್ರಯೋಜನಕ್ಕೆ ಮಗು ತೆರುವ ಬೆಲೆ ಸಾಮಾನ್ಯವಾಗಿ ದುಬಾರಿಯೇ ಎಂದು ಅಭಿಪ್ರಾಯಪಟ್ಟರು. ಮರುವರ್ಷ ಡಿ. ಜೆ. ಸೇಯರ್ ವೇಲ್ಸ್‌ನ ಸುಮಾರು 1,400 ಶಾಲಾಮಕ್ಕಳ ಬುದ್ಧಿಮಾಪನ ಪ್ರಕಟಿಸಿ, ಗ್ರಾಮೀಣ ದ್ವಿಭಾಷಿಕ ಮಕ್ಕಳು ಹಿಂದಿದ್ದಾರೆಂದರು. ನಗರದ ಮಕ್ಕಳಲ್ಲಿ ಅಂಥ ಅಂತರ ಕಾಣದಿದ್ದುದನ್ನು ಉಲ್ಲೇಖಿಸುವವರು ಕಡಿಮೆ. ಅಮೆರಿಕದ ನೆಬ್ರಾಸ್ಕಾ ರಾಜ್ಯ 1919ರಲ್ಲಿ, ಎಂಟನೆಯ ತರಗತಿ ಮುಗಿಸದ ಮಕ್ಕಳಿಗೆ ಶಾಲೆಯಲ್ಲಿ ಅನ್ಯ ಆಧುನಿಕ ಭಾಷೆ ಕಲಿಸುವುದನ್ನು ಕಾನೂನಿನಿಂದ ನಿಷೇಧಿಸಿತ್ತು. ಹತ್ತು ವರ್ಷದ ಬಾಲಕನಿಗೆ ಜರ್ಮನ್ ಓದಿಸಿದ ಶಿಕ್ಷಕರೊಬ್ಬರಿಗೆ ದಂಡ ಬಿದ್ದು, ಅದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1923ರಲ್ಲಿ ಕಾನೂನು ರದ್ದಾಯಿತು.

ಈ ಹಿನ್ನೆಲೆಯಲ್ಲಿ ವರ್ನರ್ ಲಿಯೊಪೋಲ್ಡ್ ಅವರ ಕೆಲಸವನ್ನು ನೋಡಬೇಕು. ಇಲಿನಾಯ್‌ನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಈ ಜರ್ಮನ್ ಪ್ರಾಧ್ಯಾಪಕರು 1930ರಲ್ಲಿ ಹುಟ್ಟಿದ ಮಗಳು ಹಿಲ್ಡೆಗಾರ್ಡ್‌ಳೊಡನೆ ಜರ್ಮನ್ ಮಾತ್ರ ಮಾತನಾಡಿದರು, ತಾಯಿ ಇಂಗ್ಲಿಷ್. 1939ರಿಂದ 1949ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದ ದಾಖಲೆ ಮಕ್ಕಳ ಭಾಷೆಯ ಅಧ್ಯಯನದಲ್ಲಿ ಇಂದಿಗೂ ಅನುಪಮ. ಮೊದಲ ಎರಡು ವರ್ಷ ಮಗು ಎರಡು ಭಾಷೆಗಳ ಶಬ್ದಗಳನ್ನು ಒಂದೇ ಭಂಡಾರವಾಗಿ ಬಳಸಿತೆಂದು ಅವರು ಭಾವಿಸಿದರು. ಪದಕ್ಕೂ ಅರ್ಥಕ್ಕೂ ಇರುವ ಗಂಟು ದ್ವಿಭಾಷಿಕ ಮಗುವಿನಲ್ಲಿ ಸಡಿಲವಾಗಿರುತ್ತದೆ, ಕಥೆಯನ್ನು ಪ್ರತಿಸಲವೂ ಅವೇ ಮಾತುಗಳಲ್ಲಿ ಹೇಳಬೇಕೆಂದು ಅದು ಹಟ ಹಿಡಿಯುವುದಿಲ್ಲ ಎಂಬ ಅವರ ಗ್ರಹಿಕೆ ಮುಂದೆ ಒಂದು ಸಂಶೋಧನಾ ಶಾಖೆಗೇ ದಾರಿಯಾಯಿತು.

ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಅವೇ ಸಂಪುಟಗಳಲ್ಲಿದೆ. ಸುಮಾರು ಐದರ ವಯಸ್ಸಿನಲ್ಲಿ ಹಿಲ್ಡೆಗಾರ್ಡ್ ಜರ್ಮನಿಗೆ ಹೋದಳು. ಅಲ್ಲಿ ಪೂರ್ತಿ ಜರ್ಮನ್ ಪರಿಸರದಲ್ಲಿ ನಾಲ್ಕು ವಾರ ಕಳೆಯುವಷ್ಟರಲ್ಲಿ ಇಂಗ್ಲಿಷಿನಲ್ಲಿ ಕೆಲವೇ ಸರಳ ವಾಕ್ಯಗಳಿಗಿಂತ ಹೆಚ್ಚು ಹೇಳಲಾರದವಳಾದಳು. ಅದುವರೆಗೆ ಅವಳ ಪ್ರಬಲ ಭಾಷೆಯಾಗಿದ್ದುದು ಇಂಗ್ಲಿಷ್! ಅಮೆರಿಕಕ್ಕೆ ಮರಳಿದ ಮೇಲೆ ಜರ್ಮನ್ ಮತ್ತೆ ಹಿಂದೆ ಸರಿಯಿತು. ಮಗುವಿನ ಭಾಷೆಯ ತಕ್ಕಡಿ ವಾರಗಳ ಲೆಕ್ಕದಲ್ಲಿ ಏರಿಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಸೂತ್ರ ಪಾಲನೆಯಾಗಿತ್ತು; ಆದರೆ ತಕ್ಕಡಿಯನ್ನು ಅಲುಗಿಸಿದ್ದು ಸುತ್ತಲಿನ ಜನ.

ಸಂಶಯದ ಕಾಲಕ್ಕೆ ತೆರೆಬಿದ್ದದ್ದು 1962ರಲ್ಲಿ, ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಮಾಂಟ್ರಿಯಾಲಿನ ಫ್ರೆಂಚ್ ಶಾಲೆಗಳ ಹತ್ತು ವರ್ಷದ ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ. ಸಾಮಾಜಿಕ-ಆರ್ಥಿಕ ಸ್ಥಿತಿಯನ್ನು ಸರಿಹೊಂದಿಸಿದಾಗ ದ್ವಿಭಾಷಿಕರೇ ಮುಂದಿದ್ದರು. ಆ ಕಥೆ ನಮ್ಮ ಓದುಗರಿಗೆ ಚಿರಪರಿಚಿತ, ಇಲ್ಲಿ ವಿಸ್ತರಿಸುವುದಿಲ್ಲ.

3

ಐರೋಪ್ಯ ವಿದ್ವಾಂಸರು ಸೂತ್ರವನ್ನು ರೂಪಿಸುವುದಕ್ಕೂ ಎಷ್ಟೋ ಮುಂಚೆ ವಸಾಹತು ಭಾರತದ ಬಂಗಲೆಗಳಲ್ಲಿ ವ್ಯಕ್ತಿಗೊಂದು ಭಾಷೆ ಎಂಬ ವ್ಯವಸ್ಥೆ ಯಾರ ಸಲಹೆಯೂ ಇಲ್ಲದೆ ನಡೆದಿತ್ತು. ಆಯಾ, ಬೇರರ್, ಅಡುಗೆಯವರು ಒಂದು ಭಾಷೆ; ದೊರೆ, ದೊರೆಸಾನಿ ಇನ್ನೊಂದು. 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ ತಮ್ಮ ಆತ್ಮಕಥನದಲ್ಲಿ, ಸಂಜೆ ತಂದೆ ತಾಯಿಯರ ಎದುರಿಗೆ ಕಳಿಸುವಾಗ ಇನ್ನು ಇಂಗ್ಲಿಷ್ ಮಾತನಾಡಬೇಕೆಂದು ಸೇವಕರು ತಮಗೂ ತಂಗಿಗೂ ನೆನಪಿಸುತ್ತಿದ್ದುದನ್ನೂ, ಕನಸು ಕಾಣುವ ದೇಶಭಾಷೆಯಿಂದ ತಡವರಿಸುತ್ತ ಇಂಗ್ಲಿಷಿಗೆ ಅನುವಾದಿಸುತ್ತಿದ್ದುದನ್ನೂ ದಾಖಲಿಸಿದ್ದಾರೆ. 1871ರಲ್ಲಿ ಆ ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಕರಾವಳಿ ಕರ್ನಾಟಕ, ಧಾರವಾಡ, ಮಲಬಾರುಗಳಲ್ಲಿ ದುಡಿದ ಬಾಸೆಲ್ ಮಿಶನ್ನಿನ ಕುಟುಂಬಗಳದೂ ಇದೇ ಕ್ರಮ. 19ನೆಯ ಶತಮಾನದ ನಡುಭಾಗದಿಂದ ಶಾಲಾವಯಸ್ಸಿನ ಮಕ್ಕಳನ್ನು ಬಾಸೆಲ್‌ನಲ್ಲಿದ್ದ ಮಿಶನರಿ ಮಕ್ಕಳ ಗೃಹಕ್ಕೆ ಕಳಿಸುವುದು ರೂಢಿಯಾಯಿತು. ಕನ್ನಡ, ತುಳು, ಮಲಯಾಳಗಳ ನಿಘಂಟು ವ್ಯಾಕರಣಗಳಿಗೆ ಆಯುಷ್ಯ ಸವೆಸಿದ ಸಮುದಾಯವೇ ತನ್ನ ಮಕ್ಕಳ ಬಾಯಿಂದ ಆ ಭಾಷೆಗಳು ಕಳಚಿಹೋಗುವ ಏರ್ಪಾಟನ್ನು ನಿಯಮವಾಗಿಸಿಕೊಂಡಿತ್ತು. ಅದರಲ್ಲಿ ಹವೆ, ರೋಗ, ಶಿಕ್ಷಣಗಳ ಕಾರಣಗಳೂ ಇದ್ದವು. ನೆಲದ ಭಾಷೆ ಮಗುವಿನಲ್ಲಿ ಬೇರೂರೀತೆಂಬ ಅಂಜಿಕೆಯೂ ಇತ್ತೆಂಬುದು ನಮ್ಮ ಊಹೆ.

ಇಲ್ಲಿ ಸೂತ್ರದ ಒಂದು ಅಡಗಿದ ಷರತ್ತು ಬಯಲಾಗುತ್ತದೆ. ಭಾಷೆಯನ್ನು ವ್ಯಕ್ತಿಗೆ ಕಟ್ಟಿದರೆ, ವ್ಯಕ್ತಿ ಹೋದಾಗ ಭಾಷೆಯೂ ಹೋಗುತ್ತದೆ. ತಂದೆ ತಾಯಿ ಹಾಗೆ ಹೋಗುವವರಲ್ಲ ಎಂಬ ಭರವಸೆಯ ಮೇಲೆ ರೋಂಜಾ ಮನೆ ನಿಂತಿತ್ತು. ಆಯಾ ಹೋಗುವವಳು.

4

ರಾಬಿನ್ಸ್ ಬರ್ಲಿಂಗ್ (1926–2021) ಅಮೆರಿಕದ ಮಾನವಶಾಸ್ತ್ರಜ್ಞರು, ಮುಂದೆ ಟಿಬೆಟೊ-ಬರ್ಮನ್ ಭಾಷೆಗಳ ಪ್ರಮುಖ ವಿದ್ವಾಂಸರಾದವರು. 1954ರ ಅಕ್ಟೋಬರಿನಲ್ಲಿ ಅವರು ಪತ್ನಿ ಮತ್ತು ಮಗನೊಡನೆ, ಆಗ ಅಸ್ಸಾಮಿನ ಜಿಲ್ಲೆಯಾಗಿದ್ದು ಈಗ ಮೇಘಾಲಯಕ್ಕೆ ಸೇರಿದ ಗಾರೊ ಬೆಟ್ಟಗಳಿಗೆ ಬಂದರು. ಮಗುವಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು; ಬಾಯಲ್ಲಿ ಬೆರಳೆಣಿಕೆಯ ಇಂಗ್ಲಿಷ್ ಪದಗಳು. ಎರಡು ವರ್ಷಗಳ ಕ್ಷೇತ್ರಕಾರ್ಯದಲ್ಲಿ ತಂದೆ ಗಾರೊ ಬಂಧುತ್ವವನ್ನು ಅಧ್ಯಯನ ಮಾಡಿದರು. 1963ರಲ್ಲಿ ಪ್ರಕಟವಾದ ‘ರೆಂಗ್ಸಾಂಗ್ರಿ’ ಆ ಕೆಲಸದ ಫಲ. ಜೊತೆಗೆ ಮಗನ ಮಾತನ್ನೂ ಬರೆದುಕೊಂಡರು. ಅದು 1959ರಲ್ಲಿ ‘ವರ್ಡ್’ ಪತ್ರಿಕೆಯಲ್ಲಿ ಪ್ರಬಂಧವಾಗಿ ಬಂತು. 1971ರಲ್ಲಿ ಬಾರ್-ಅಡೋನ್ ಮತ್ತು ಲಿಯೊಪೋಲ್ಡ್ ಸಂಪಾದಿಸಿದ ಮಕ್ಕಳ ಭಾಷೆಯ ವಾಚಿಕೆಯಲ್ಲಿ ಮರುಮುದ್ರಣಗೊಂಡಿತು. ಅಲ್ಲಿಂದಾಚೆಗೆ ಉಲ್ಲೇಖಿಸಿದವರೆಲ್ಲ ಬಹುತೇಕ ಧ್ವನಿಮಾ ವ್ಯವಸ್ಥೆಯ ಭಾಗವನ್ನೇ ಉಲ್ಲೇಖಿಸಿದ್ದಾರೆ.

ಆ ಭಾಗ ಸ್ವಾರಸ್ಯವಾದುದೇ ಹೌದು. ಎರಡು ವರ್ಷ ಎಂಟು-ಒಂಬತ್ತು ತಿಂಗಳ ಹೊತ್ತಿಗೆ ಮಗು ಇಂಗ್ಲಿಷ್ ಮತ್ತು ಗಾರೊ ಸ್ವರವ್ಯವಸ್ಥೆಗಳನ್ನು ಬೇರ್ಪಡಿಸತೊಡಗಿತು. ವ್ಯಂಜನಗಳಲ್ಲಿ ಹಾಗಾಗಲಿಲ್ಲ. ಇಂಗ್ಲಿಷ್ ಪದಗಳಲ್ಲಿಯೂ ಗಾರೊ ವ್ಯಂಜನಗಳೇ ನಿಂತವು. ಒಂದೇ ಮಗುವಿನಲ್ಲಿ, ಒಂದೇ ಕಾಲದಲ್ಲಿ, ವ್ಯವಸ್ಥೆಯ ಒಂದು ಭಾಗ ಬೇರ್ಪಟ್ಟು ಇನ್ನೊಂದು ಬೆರೆತೇ ಇರಬಹುದು ಎಂಬುದು ‘ಒಂದು ವ್ಯವಸ್ಥೆಯೋ ಎರಡೋ’ ಎಂದು ಮುಂದೆ ಎರಡು ದಶಕ ನಡೆದ ವಾದಕ್ಕೆ ಮೊದಲೇ ಕೊಟ್ಟ ಉತ್ತರದಂತಿದೆ. ಪದರಚನೆಯಲ್ಲಿ ಗಾರೊ ಸ್ಪಷ್ಟವಾಗಿ ಯಜಮಾನ. ಕ್ರಿಯಾಪ್ರಕೃತಿಗೆ ಸಾಲುಸಾಲಾಗಿ ಪ್ರತ್ಯಯ ಹತ್ತುವ ಆ ಭಾಷೆಯ ಜೋಡಣೆಯನ್ನು ಮಗು ಬೇಗ ಕರಗತ ಮಾಡಿಕೊಂಡು, ಇಂಗ್ಲಿಷ್ ಪದಗಳಿಗೂ ಗಾರೊ ಪ್ರತ್ಯಯಗಳನ್ನು ಧಾರಾಳವಾಗಿ ಹಚ್ಚುತ್ತಿತ್ತು. ‘ಕಾರು’, ‘ಬಸ್ಸು’ಗಳಿಗೆ ವಿಭಕ್ತಿ ಹಚ್ಚಿಯೇ ಬೆಳೆದ ಕನ್ನಡಿಗರಿಗೆ ಇದು ಸೋಜಿಗವೆನಿಸದು.

ನಮ್ಮ ಆಸಕ್ತಿ ಅದರಾಚೆಗಿದೆ. ಈ ಮನೆಯಲ್ಲಿ ತಂದೆ ತಾಯಿ ಇಬ್ಬರೂ ಇಂಗ್ಲಿಷಿನವರು. ಮಗುವನ್ನು ಎತ್ತಿ ಆಡಿಸಿದವರು, ಮನೆಗೆಲಸದವರು, ಆಟದ ಜೊತೆಗಾರರು ಗಾರೊ ಜನ. ನಡುವೆ ತಾಯಿ ಕೆಲಕಾಲ ಆಸ್ಪತ್ರೆ ಸೇರಬೇಕಾಗಿ ಬಂದು ಇಂಗ್ಲಿಷಿನ ಮುಖ್ಯ ಸೆಲೆ ಕ್ಷೀಣಿಸಿತು. ತಂದೆಯೂ ಮಗನೊಡನೆ ಗಾರೊ ಬಳಸುತ್ತಿದ್ದರು. ಸೂತ್ರದ ದೃಷ್ಟಿಯಿಂದ ಇದು ಶಿಸ್ತಿಲ್ಲದ ಮನೆ. ಆದರೂ ಮಗುವಿನ ಪ್ರಬಲ ಭಾಷೆ ಗಾರೊ ಆಯಿತು, ಅದೂ ಊರಿನ ಮಕ್ಕಳ ಮಟ್ಟದಲ್ಲಿ. ತಂದೆ ತಾಯಿಯರ ಭಾಷೆಯಲ್ಲದ, ಯಾರೂ ಯೋಜಿಸದ, ಯಾವ ಪುಸ್ತಕವೂ ಬೆಂಬಲಿಸದ ಒಂದು ಭಾಷೆ ಮನೆಯ ಮಗುವಿಗೆ ಮೊದಲ ಭಾಷೆಯಾದ ಬಗೆ ಇದು.

1956ರ ಅಕ್ಟೋಬರಿನಲ್ಲಿ ಕುಟುಂಬ ಗಾರೊ ಬೆಟ್ಟಗಳನ್ನು ಬಿಟ್ಟಿತು. ಮಗುವಿಗೆ ಮೂರು ವರ್ಷ ನಾಲ್ಕು ತಿಂಗಳು. ಭಾರತದ ಇತರೆಡೆ ಸಂಚರಿಸುವಾಗ ಮಗು ಎದುರಾದವರೊಡನೆ ಗಾರೊ ಮಾತನಾಡಿ ನೋಡಿತು, ಯಾರಿಗೂ ತಿಳಿಯಲಿಲ್ಲ. ಕೆಲವೇ ವಾರಗಳಲ್ಲಿ ಪ್ರಯತ್ನ ನಿಂತಿತು. ಆಮೇಲೆ ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಪಕ್ಕದಲ್ಲಿ ಮಲಯಾದ ಯುವಕನೊಬ್ಬ ಕುಳಿತಿದ್ದ. ಅವನ ಮುಖಚಹರೆ ಗಾರೊ ಜನರನ್ನು ಹೋಲುತ್ತಿತ್ತು. ಮಗು ಅವನನ್ನು ಗಾರೊ ಎಂದೇ ತಿಳಿದು, ವಾರಗಟ್ಟಲೆ ಕಟ್ಟಿಟ್ಟಿದ್ದ ಮಾತನ್ನೆಲ್ಲ ಅವನ ಮುಂದೆ ಸುರಿಯಿತು. ಆ ಯುವಕನಿಗೆ ಒಂದಕ್ಷರವೂ ಅರ್ಥವಾಗುವಂತಿರಲಿಲ್ಲ. ಗಾರೊ ಬೆಟ್ಟ ಬಿಟ್ಟ ಆರು ತಿಂಗಳೊಳಗೆ ಅತಿ ಸರಳ ಗಾರೊ ಪದಗಳೂ ಮಗುವಿಗೆ ತೊಡಕಾಗಿದ್ದವೆಂದು ತಂದೆ ಬರೆದಿದ್ದಾರೆ.

ಒಬ್ಬ ಭಾಷಾವಿಜ್ಞಾನಿ ತನ್ನ ಮಗನ ಮೊದಲ ಭಾಷೆ ಆರು ತಿಂಗಳಲ್ಲಿ ಅಳಿದುದನ್ನು ದಾಖಲಿಸಿದ್ದಾರೆ, ಅದನ್ನು ಪ್ರಬಂಧದ ಕೊನೆಯ ಪುಟಗಳ ಸಂಗತಿಯಾಗಿ ಬಿಟ್ಟಿದ್ದಾರೆ. ಶಾಸ್ತ್ರವೂ ಅದನ್ನು ಅಲ್ಲಿಯೇ ಬಿಟ್ಟಿತು. ಗಳಿಕೆಯ ಸಿದ್ಧಾಂತಕ್ಕೆ ಆ ಪುಟಗಳಿಂದ ಉಪಯೋಗ ಕಾಣಲಿಲ್ಲ. ಆದರೆ ವಿದೇಶವಾಸಿ ಕುಟುಂಬದ ಮಕ್ಕಳನ್ನು ಕುರಿತ ಚರಿತ್ರೆಗೆ ಅವೇ ಮುಖ್ಯ ಪುಟಗಳು. ವಿಮಾನದ ಆ ಪ್ರಸಂಗದಲ್ಲಿ ಮಗು ಭಾಷೆಯನ್ನು ಯಾವುದಕ್ಕೆ ಕಟ್ಟಿಕೊಂಡಿತ್ತೆಂಬುದು ಕಣ್ಣಿಗೆ ಕಟ್ಟುತ್ತದೆ: ಒಬ್ಬ ವ್ಯಕ್ತಿಗಲ್ಲ, ಒಂದು ಬಗೆಯ ಮುಖಗಳಿಗೆ, ಅಂದರೆ ಒಂದು ಜನಸಮುದಾಯಕ್ಕೆ. ಮೂರು ವರ್ಷದ ಮಗು ತನ್ನ ಅರಿವಿಗೆ ಎಟುಕಿದ ಮಟ್ಟಿಗೆ ಸಮಾಜಭಾಷಾವಿಜ್ಞಾನಿಯಾಗಿತ್ತು.

5

1970ರ ದಶಕದ ಕೊನೆಯಿಂದ ಚರ್ಚೆ ಮತ್ತೆ ಮಗುವಿನ ತಲೆಯೊಳಕ್ಕೆ ಸರಿಯಿತು. 1978ರಲ್ಲಿ ವೋಲ್ಟೆರಾ ಮತ್ತು ಟೇಷ್ನರ್ ರೋಮಿನ ಜರ್ಮನ್-ಇಟಾಲಿಯನ್ ಮಕ್ಕಳನ್ನು ಆಧರಿಸಿ, ಮಗು ಒಂದೇ ವ್ಯವಸ್ಥೆಯಿಂದ ಆರಂಭಿಸಿ ಹಂತಹಂತವಾಗಿ ಎರಡನ್ನು ಬೇರ್ಪಡಿಸುತ್ತದೆ ಎಂದರು. ಬೇರ್ಪಡಿಕೆಯೇ ಗುರಿಯೆಂದಾದ ಮೇಲೆ ಭಾಷೆಗಳನ್ನು ವ್ಯಕ್ತಿಗಳಲ್ಲಿ ಬೇರ್ಪಡಿಸುವ ಸೂತ್ರಕ್ಕೆ ಹೊಸ ಬಲ ಬಂತು. 1989ರಲ್ಲಿ ಮೈಸೆಲ್ ಮತ್ತು ಜೆನೆಸೀ, 1990ರಲ್ಲಿ ಆಂಟ್‌ವರ್ಪಿನ ಡಚ್-ಇಂಗ್ಲಿಷ್ ಮಗುವಿನ ಅಧ್ಯಯನದ ಮೂಲಕ ಆನಿಕ್ ಡಿ ಹೌವರ್, ವಾಕ್ಯರಚನೆಯಲ್ಲಿ ಆರಂಭದಿಂದಲೇ ಎರಡು ವ್ಯವಸ್ಥೆಗಳಿರುತ್ತವೆ ಎಂದು ತೋರಿಸಿದರು. ಮಗು ಬೆರೆಸುವುದು ಗೊಂದಲದಿಂದಲ್ಲ ಎಂದ ಮೇಲೆ ಸೂತ್ರದ ಮನೋವೈಜ್ಞಾನಿಕ ಆಧಾರ ಕುಸಿಯಬೇಕಿತ್ತು. ಕುಸಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಅದು ಪಾಲಕರ ನಂಬಿಕೆಯಾಗಿತ್ತು.

ಸೂತ್ರವನ್ನು ಪಾಲಿಸಿದ ಮನೆಗಳ ಒಳಗೇನು ನಡೆಯುತ್ತದೆ ಎಂದು ನೋಡಿದವರು ಬೇರೆಯೇ ಚಿತ್ರ ಕೊಟ್ಟರು. 1992ರಲ್ಲಿ ಸುಸಾನೆ ಡೋಪ್ಕೆ ಆಸ್ಟ್ರೇಲಿಯಾದ ಜರ್ಮನ್-ಇಂಗ್ಲಿಷ್ ಕುಟುಂಬಗಳಲ್ಲಿ, ಒಂದೇ ಸೂತ್ರವಿದ್ದರೂ ಕೆಲವು ಮಕ್ಕಳು ಮಾತ್ರ ಜರ್ಮನ್ ಮಾತುಗಾರರಾದುದನ್ನು ಗುರುತಿಸಿ, ಆಟ ಮತ್ತು ಸಂಭಾಷಣೆಯ ಗುಣಮಟ್ಟದ ಕಡೆಗೆ ಬೆರಳು ತೋರಿಸಿದರು. 1997ರಲ್ಲಿ ಎಲಿಜಬೆತ್ ಲಾಂಜಾ ನಾರ್ವೆಯ ಮಕ್ಕಳ ಅಧ್ಯಯನದಲ್ಲಿ, ಮಗು ‘ಬೇರೆ’ ಭಾಷೆಯಲ್ಲಿ ಉತ್ತರಿಸಿದಾಗ ಪಾಲಕರು ಮಾಡುವ ಪ್ರತಿಕ್ರಿಯೆಗಳನ್ನು ಸೂಕ್ಷ್ಮವಾಗಿ ವರ್ಗೀಕರಿಸಿದರು. ಅರ್ಥವಾಗದಂತೆ ನಟಿಸುವುದು, ಊಹಿಸಿ ಕೇಳುವುದು, ಸರಿಯಾದ ಭಾಷೆಯಲ್ಲಿ ಮರುನುಡಿಯುವುದು, ಗಮನಿಸದೆ ಮುಂದುವರಿಯುವುದು, ತಾವೂ ಭಾಷೆ ಬದಲಿಸುವುದು: ಮನೆಯ ಭಾಷಾನೀತಿ ನಿರ್ಧಾರವಾಗುವುದು ಇಂಥ ಕ್ಷಣಗಳಲ್ಲಿ.

ಸಂಖ್ಯೆಗಳು ಬಂದದ್ದು 2007ರಲ್ಲಿ. ಡಿ ಹೌವರ್ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ, ಪಾಲಕರಲ್ಲಿ ಒಬ್ಬರಾದರೂ ಮನೆಯಲ್ಲಿ ಡಚ್ಚೇತರ ಭಾಷೆ ಬಳಸುವ 1,899 ಕುಟುಂಬಗಳನ್ನು ಪರಿಶೀಲಿಸಿದರು. ಸುಮಾರು ನಾಲ್ಕನೆಯ ಒಂದು ಭಾಗದ ಕುಟುಂಬಗಳಲ್ಲಿ ಮಕ್ಕಳು ಆ ಅಲ್ಪಸಂಖ್ಯಾತ ಭಾಷೆಯನ್ನು ಮಾತನಾಡುತ್ತಿರಲಿಲ್ಲ. ತಂದೆ ತಾಯಿ ಇಬ್ಬರೂ ಅದನ್ನೇ ಬಳಸುವ ಮನೆಗಳಲ್ಲಿ ಬಹುತೇಕ ಎಲ್ಲ ಮಕ್ಕಳೂ, ಅಂದರೆ ನೂರಕ್ಕೆ 97ರಷ್ಟು, ಆ ಭಾಷೆ ಆಡುತ್ತಿದ್ದರು. ಒಬ್ಬರು ಒಂದು ಭಾಷೆ, ಇನ್ನೊಬ್ಬರು ಡಚ್ ಎಂಬ ಸೂತ್ರಬದ್ಧ ಮನೆಗಳಲ್ಲಿ ಈ ಪ್ರಮಾಣ ನೂರಕ್ಕೆ 74ಕ್ಕೆ ಇಳಿಯುತ್ತಿತ್ತು. ಸೂತ್ರ ಅಗತ್ಯವೂ ಅಲ್ಲ, ಸಾಕಾಗುವಂಥದೂ ಅಲ್ಲ ಎಂಬುದು ಅವರ ತೀರ್ಮಾನ. ಇಬ್ಬರೂ ಕನ್ನಡಿಗರಾಗಿರುವ ಮನೆಯಲ್ಲಿ ಒಬ್ಬರು ಇಂಗ್ಲಿಷಿಗೆ ಸರಿದಾಗ ಏನಾಗುತ್ತದೆ ಎಂಬುದಕ್ಕೆ ಈ ಎರಡು ಅಂಕಿಗಳ ನಡುವಿನ ಅಂತರವೇ ಸೂಚಕ. ಬೇರೆ ದೇಶ, ಬೇರೆ ಭಾಷೆಗಳಿಗೆ ಅಂಕಿಗಳು ಹಾಗೆಯೇ ಅನ್ವಯಿಸಲಾರವು. ಆದರೆ ವಾಲುವ ದಿಕ್ಕಿನ ಬಗ್ಗೆ ನಮಗೆ ಸಂಶಯವಿಲ್ಲ.

6

ಕರ್ನಾಟಕದ ಮನೆಗಳಲ್ಲಿ ಭಾಷೆಗಳು ಬೇರೆ ರೀತಿಯಲ್ಲಿ ಹಂಚಿಕೆಯಾಗಿ ಉಳಿದವು. ಮೈಸೂರಿನಲ್ಲಿ ಬೆಳೆದ ಎ. ಕೆ. ರಾಮಾನುಜನ್ ತಮ್ಮ ಮನೆಯನ್ನು ನೆನೆಯುವಾಗ ಕೆಳಗಡೆ ತಮಿಳು, ತಂದೆಯ ಮಹಡಿಯ ಕೋಣೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕನ್ನಡ ಎಂದು ಭಾಷೆಗಳನ್ನು ಜಾಗಗಳಿಗೆ ಹೊಂದಿಸುತ್ತಾರೆ. ಮಂಗಳೂರಿನ ಕೊಂಕಣಿ ಮನೆಯ ಮಗು ಒಳಗೆ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುತ್ತ ಬೆಳೆಯುವುದು ಅಲ್ಲಿ ಸುದ್ದಿಯೇ ಅಲ್ಲ. ಸಂಕೇತಿ, ಹೆಬ್ಬಾರ್ ಅಯ್ಯಂಗಾರ್ ಮನೆಗಳ ತಮಿಳುಮೂಲದ ನುಡಿಗಳು ಕನ್ನಡದ ನಡುವೆ ತಲೆಮಾರುಗಳನ್ನು ದಾಟಿ ಬಂದಿವೆ. ಅಲ್ಲಿ ಒಂದೇ ವ್ಯಕ್ತಿ ಒಂದೇ ಗಂಟೆಯಲ್ಲಿ ಮೂರು ಭಾಷೆ ಬಳಸುತ್ತಾನೆ, ಮಗುವಿಗೆ ಗೊಂದಲವಾಗುವುದಿಲ್ಲ.

ಇದನ್ನು ಹೆಮ್ಮೆಯ ಮಾದರಿಯಾಗಿ ವಿದೇಶಕ್ಕೆ ರಫ್ತು ಮಾಡುವ ಉತ್ಸಾಹ ನಮ್ಮವರಲ್ಲಿ ಕಾಣುತ್ತದೆ. ಅದಕ್ಕೆ ಮುನ್ನ ಕುಪ್ವಾಡದ ಅಧ್ಯಯನವನ್ನು ನೆನೆಯುವುದು ಒಳ್ಳೆಯದು. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ವರ್ಣಿಸಿದ, ಸಾಂಗ್ಲಿ ಜಿಲ್ಲೆಯ ಈ ಗಡಿಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಶತಮಾನಗಳಿಂದ ಜೊತೆಗಿವೆ. ವಾಕ್ಯರಚನೆಯಲ್ಲಿ ಪದಕ್ಕೆ ಪದವಿಟ್ಟು ಅನುವಾದಿಸಬಹುದಾದಷ್ಟು ಅವು ಹತ್ತಿರವಾಗಿವೆ. ಆದರೂ ಜೈನರ ಮನೆಯ ಕನ್ನಡ ಕನ್ನಡವಾಗಿಯೇ ಉಳಿಯಿತು. ಅದನ್ನು ಉಳಿಸಿದ್ದು ಮನೆಯೊಳಗಣ ಮತ್ತು ಹೊರಗಣ ಬದುಕಿನ ಕಟ್ಟುನಿಟ್ಟಾದ ವಿಭಜನೆ. ಆ ವಿಭಜನೆಯ ಹಿಂದೆ ಇದ್ದುದು ಜಾತಿ. ನಾವು ಕೊಂಡಾಡುವ ಸ್ಥಿರ ಬಹುಭಾಷಿಕತೆಗೆ ತೆತ್ತ ಬೆಲೆಯೂ ಆ ದಾಖಲೆಯಲ್ಲಿದೆ. ನ್ಯೂಜೆರ್ಸಿಯ ಅಥವಾ ಮೆಲ್ಬರ್ನಿನ ಬಡಾವಣೆಯಲ್ಲಿ ಆ ಗೋಡೆಗಳಿಲ್ಲ, ಇರಬಾರದು ಕೂಡ. ಹಾಗಾಗಿ ಅಲ್ಲಿಯ ಕನ್ನಡ ಬೇರೆ ಆಸರೆ ಹುಡುಕಬೇಕು.

ಆ ಆಸರೆ ಎಷ್ಟಿದ್ದರೆ ಏನು ಉಳಿಯುತ್ತದೆ ಎಂಬುದಕ್ಕೆ ಲಿಯೊಪೋಲ್ಡ್ ಮನೆಯಲ್ಲಿಯೇ ಎರಡನೆಯ ಉದಾಹರಣೆಯಿದೆ. ಅವರ ಕಿರಿಯ ಮಗಳ ಬಗ್ಗೆ ಸಂಪುಟಗಳಿಲ್ಲ, ಚದುರಿದ ಟಿಪ್ಪಣಿಗಳಷ್ಟೇ. ತಂದೆ ಅವಳೊಡನೆಯೂ ಜರ್ಮನ್ ಮಾತನಾಡಿದರು. ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದಳು. ಅವಳ ಜರ್ಮನ್ ಅಲ್ಲೊಂದು ಇಲ್ಲೊಂದು ಪದಕ್ಕೆ ಸೀಮಿತವಾಗಿತ್ತು. ಇಂದಿನ ಪಾಲಕರು ಇದನ್ನು ವೈಫಲ್ಯವೆಂದೇ ಎಣಿಸುತ್ತಿದ್ದರು. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಜರ್ಮನಿಗೆ ಹೋದಾಗ, ಎಂದೂ ಆಡದಿದ್ದ ಭಾಷೆಯನ್ನು ಎಲ್ಲರಿಗೂ ಅಚ್ಚರಿಯಾಗುವಷ್ಟು ಸರಾಗವಾಗಿ ಆಡಿದಳು. ಗಾರೊ ಬೆಟ್ಟದ ಮಗು ಆಡುತ್ತಿದ್ದ ಭಾಷೆಯನ್ನು ಕೇಳುವ ಅವಕಾಶ ಒಂದೇ ದಿನದಲ್ಲಿ ನಿಂತುಹೋಯಿತು. ಇವಳು ಆಡದಿದ್ದ ಭಾಷೆಯನ್ನು ಊಟದ ಮೇಜಿನ ಬಳಿ ಬಾಲ್ಯದುದ್ದಕ್ಕೂ ಕೇಳುತ್ತಿದ್ದಳು.